ಬ್ರಿಟಿಷ್ ರಾಜಮನೆತನದ ಹೊಸ ತಲೆಮಾರಿನ ಪ್ರೀತಿ, ಮದುವೆ: ಪದೇ ಪದೇ ಕೇಳುವ ಪ್ರಶ್ನೆಗಳು

2011ರ ಏಪ್ರಿಲ್ 29, ಶುಕ್ರವಾರ. ಲಂಡನ್ನಿನಲ್ಲಿ ಬೆಳಿಗ್ಗೆ ಹನ್ನೊಂದು, ನಮ್ಮಲ್ಲಿ ಮಧ್ಯಾಹ್ನ ಮೂರೂವರೆ. ಟಿವಿಯಲ್ಲಿ ಕೇಟ್ ಮಿಡಲ್ಟನ್ ಅಪ್ಪನ ಕೈ ಹಿಡಿದು ವೆಸ್ಟ್‌ಮಿನ್‌ಸ್ಟರ್ ಅಬ್ಬೆಯೊಳಗೆ ಹೆಜ್ಜೆ ಇಡುತ್ತಿದ್ದರು. ಪಕ್ಕದಲ್ಲಿ ಕುಳಿತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದ ದೊಡ್ಡಮ್ಮ ತಲೆ ಎತ್ತಿ ಕೇಳಿದರು: "ಶುಕ್ರವಾರ ಹನ್ನೊಂದು ಗಂಟೆ ಎಂದರೆ ರಾಹುಕಾಲವಲ್ಲವೇ? ಇವರಿಗೆ ಹೇಳುವವರು ಯಾರೂ ಇಲ್ಲವೇ?" ಅಂದಿನಿಂದ ಈ ಮನೆತನದ ಮದುವೆಗಳ ಬಗ್ಗೆ ಏನೇ ಅನುಮಾನ ಬಂದರೂ ಬಂಧುಬಳಗದವರು ನನ್ನನ್ನೇ ಕೇಳುತ್ತಾರೆ. ಹಾಗೆ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ.

ಹೊಸ ತಲೆಮಾರು ಎಂದರೆ ಯಾರ್‍ಯಾರು?

ಎರಡನೇ ಎಲಿಜಬೆತ್ ರಾಣಿಯ ಎಂಟು ಮೊಮ್ಮಕ್ಕಳು. ಆ್ಯನ್ ಅವರ ಮಕ್ಕಳು ಪೀಟರ್ ಮತ್ತು ಝಾರಾ, ಚಾರ್ಲ್ಸ್ ಅವರ ಮಕ್ಕಳು ವಿಲಿಯಂ ಮತ್ತು ಹ್ಯಾರಿ, ಆಂಡ್ರ್ಯೂ ಅವರ ಹೆಣ್ಣುಮಕ್ಕಳು ಬಿಯಾಟ್ರಿಸ್ ಮತ್ತು ಯೂಜೀನಿ, ಎಡ್ವರ್ಡ್ ಅವರ ಮಕ್ಕಳು ಲೂಯಿಸ್ ಮತ್ತು ಜೇಮ್ಸ್. ಮೊದಲ ಆರು ಜನರ ಮದುವೆ 2008ರಿಂದ 2020ರ ನಡುವೆ ನಡೆಯಿತು. ಕೊನೆಯ ಇಬ್ಬರು ಇನ್ನೂ ಚಿಕ್ಕವರು. ಲೂಯಿಸ್ ಹುಟ್ಟಿದ್ದು 2003ರಲ್ಲಿ, ಜೇಮ್ಸ್ 2007ರಲ್ಲಿ.

ಈ ಆರು ಮದುವೆಗಳನ್ನು ಸಾಲಾಗಿ ನೋಡಿದರೆ ನನಗೆ ಒಂದು ಸಂಗತಿ ಎದ್ದು ಕಾಣುತ್ತದೆ. ಸಿಂಹಾಸನಕ್ಕೆ ಹತ್ತಿರವಿದ್ದಷ್ಟೂ ಮದುವೆಯ ವಿಷಯದಲ್ಲಿ ಮೂಗು ತೂರಿಸುವವರು ಹೆಚ್ಚು, ದೂರವಾದಷ್ಟೂ ಮದುವೆ ಸಲೀಸು. ಮುಂದಿನ ಬಹುಪಾಲು ಉತ್ತರಗಳು ಇದರ ಸುತ್ತಲೇ ಸುತ್ತುತ್ತವೆ.

ಅರಮನೆಯವರೇ ಹೆಣ್ಣು-ಗಂಡು ಹುಡುಕುತ್ತಾರೆಯೇ?

ಈಗ ಇಲ್ಲ. ವಿಲಿಯಂ ಅವರಿಗೆ ಕೇಟ್ ಸಿಕ್ಕಿದ್ದು ಸ್ಕಾಟ್ಲೆಂಡಿನ ಸೇಂಟ್ ಆ್ಯಂಡ್ರ್ಯೂಸ್ ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲಿ. ಹ್ಯಾರಿ ಮತ್ತು ಮೇಘನ್ ಮಾರ್ಕಲ್ 2016ರ ಜುಲೈಯಲ್ಲಿ ಲಂಡನ್ನಿನಲ್ಲಿ ಭೇಟಿಯಾದರು. ಯೂಜೀನಿಗೆ ಜ್ಯಾಕ್ ಬ್ರೂಕ್ಸ್‌ಬ್ಯಾಂಕ್ ಪರಿಚಯವಾದದ್ದು 2010ರಲ್ಲಿ, ಸ್ವಿಟ್ಜರ್ಲೆಂಡಿನ ವೆರ್ಬಿಯೆಯಲ್ಲಿ, ಹಿಮದ ಮೇಲೆ ಜಾರಲು ಹೋದಾಗ. ಝಾರಾ ತಮ್ಮ ಗಂಡ ಮೈಕ್ ಟಿಂಡಲ್ ಅವರನ್ನು ಕಂಡದ್ದು 2003ರ ರಗ್ಬಿ ವಿಶ್ವಕಪ್ ಸಮಯದಲ್ಲಿ, ಸಿಡ್ನಿಯಲ್ಲಿ. ಮೈಕ್ ಆ ಕಪ್ ಗೆದ್ದ ಇಂಗ್ಲೆಂಡ್ ತಂಡದ ಆಟಗಾರ. ಅದೇ ವರ್ಷ ಪೀಟರ್ ಮಾಂಟ್ರಿಯಲ್‌ನ ಕಾರು ರೇಸಿನಲ್ಲಿ ಕೆನಡಾದ ಆಟಮ್ ಕೆಲ್ಲಿ ಅವರನ್ನು ಭೇಟಿಯಾದರು. ಹಾಸ್ಟೆಲು, ಹಿಮ, ಆಟದ ಮೈದಾನ, ರೇಸು: ಯಾವುದರಲ್ಲೂ ಅರಮನೆಯ ದಲ್ಲಾಳಿ ಇಲ್ಲ.

ಹಿಂದೆ ಹೀಗಿರಲಿಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ಜರ್ಮನಿಯ ಸಣ್ಣಪುಟ್ಟ ರಾಜಮನೆತನಗಳೇ ಇವರ ಸಂಬಂಧದ ಊರುಗಳಾಗಿದ್ದವು. ಮೊದಲ ಮಹಾಯುದ್ಧದಲ್ಲಿ ಆ ಜರ್ಮನಿಯೇ ವೈರಿಯಾಯಿತು. 1917ರಲ್ಲಿ ಐದನೇ ಜಾರ್ಜ್ ಮನೆತನದ ಹೆಸರನ್ನೇ ವಿಂಡ್ಸರ್ ಎಂದು ಬದಲಿಸಿದರು, ತಮ್ಮ ಮಕ್ಕಳು ಬ್ರಿಟನ್ನಿನ ಕುಟುಂಬಗಳಲ್ಲೇ ಸಂಬಂಧ ಬೆಳೆಸಬಹುದು ಎಂದೂ ತೀರ್ಮಾನಿಸಿದರು. ಹಾಗೆ ತೆರೆದ ಬಾಗಿಲಿನಿಂದ ಮೊದಲು ಶ್ರೀಮಂತ ಜಮೀನ್ದಾರರ ಹೆಣ್ಣುಮಕ್ಕಳು ಬಂದರು. ಹಿಂದೆ ಗಗನಸಖಿಯಾಗಿದ್ದು, ಆಮೇಲೆ ಅಂಚೆಯಲ್ಲಿ ಪಾರ್ಟಿ ಸಾಮಾನು ಮಾರುವ ವ್ಯಾಪಾರ ಕಟ್ಟಿದ ತಾಯಿಯ ಮಗಳು ಕೇಟ್ ಭಾವಿ ರಾಣಿಯಾಗಿ ಒಳಗೆ ಬರಲು ಇನ್ನೂ ತೊಂಬತ್ತು ಚಿಲ್ಲರೆ ವರ್ಷ ಬೇಕಾಯಿತು.

ಮದುವೆಗೆ ರಾಜನ ಒಪ್ಪಿಗೆ ಬೇಕೇ ಬೇಕೇ?

ಎಲ್ಲರಿಗೂ ಅಲ್ಲ. ಸಿಂಹಾಸನದ ಸಾಲಿನಲ್ಲಿ ಮೊದಲ ಆರು ಜನರಿಗೆ ಮಾತ್ರ.

ಇದರ ಹಿಂದೆ ಒಂದು ಹಳೆಯ ಸಿಟ್ಟಿನ ಕಥೆ ಇದೆ. ಮೂರನೇ ಜಾರ್ಜ್ ಅವರ ತಮ್ಮ, ಕಂಬರ್ಲೆಂಡ್ ಡ್ಯೂಕ್, 1771ರಲ್ಲಿ ಅಣ್ಣನನ್ನು ಕೇಳದೆ ಆ್ಯನ್ ಹಾರ್ಟನ್ ಎಂಬ ವಿಧವೆಯನ್ನು ಮದುವೆಯಾದ. ಅಣ್ಣ ಮರುವರ್ಷವೇ ಕಾನೂನು ಮಾಡಿಸಿದ. ವಿದೇಶಿ ಮನೆತನಗಳಿಗೆ ಮದುವೆಯಾಗಿ ಹೋದ ರಾಜಕುಮಾರಿಯರ ಸಂತತಿ ಬಿಟ್ಟು, ಎರಡನೇ ಜಾರ್ಜ್ ದೊರೆಯ ವಂಶದವರು ಯಾರೇ ಇರಲಿ, ಆಳುವವರ ಒಪ್ಪಿಗೆ ಇಲ್ಲದೆ ಮದುವೆಯಾದರೆ ಆ ಮದುವೆಯೇ ಅಸಿಂಧು. ಇಪ್ಪತ್ತೈದು ದಾಟಿದವರು ರಾಜನ ಸಲಹಾ ಮಂಡಳಿಯಾದ ಪ್ರಿವಿ ಕೌನ್ಸಿಲ್‌ಗೆ ನೋಟಿಸ್ ಕೊಟ್ಟು ಒಂದು ವರ್ಷ ಕಾಯಬಹುದಿತ್ತು, ಅಷ್ಟೇ. ಒಬ್ಬ ತಮ್ಮನ ಮೇಲಿನ ಕೋಪಕ್ಕೆ ಹುಟ್ಟಿದ ಆ ಕಾನೂನು ಇನ್ನೂರ ನಲವತ್ತಕ್ಕೂ ಹೆಚ್ಚು ವರ್ಷ ಬಾಳಿತು.

2013ರ ಉತ್ತರಾಧಿಕಾರ ಕಾಯ್ದೆ ಅದನ್ನು ಕಿತ್ತುಹಾಕಿತು. ಹೊಸ ನಿಯಮ ಜಾರಿಗೆ ಬಂದದ್ದು 2015ರ ಮಾರ್ಚ್ 26ರಂದು. ವ್ಯತ್ಯಾಸ ಎಷ್ಟೆಂದು ತಿಳಿಯಲು ಎರಡು ಮದುವೆ ನೋಡಿ. 2011ರಲ್ಲಿ ಝಾರಾ ಸಾಲಿನಲ್ಲಿ ಹದಿಮೂರನೆಯವರು, ಆದರೂ ಅಜ್ಜಿಯ ಅಧಿಕೃತ ಒಪ್ಪಿಗೆ ಬೇಕಾಯಿತು. 2018ರಲ್ಲಿ ಯೂಜೀನಿ ಒಂಬತ್ತನೆಯವರು, ಬೇಕಾಗಲಿಲ್ಲ. ಅದೇ ವರ್ಷ ಹ್ಯಾರಿಗೆ ಬೇಕಾಯಿತು. ಮಾರ್ಚ್‌ನಲ್ಲಿ ರಾಣಿ ಒಪ್ಪಿಗೆ ಕೊಟ್ಟಾಗ ಅವರು ಐದನೆಯವರು, ಏಪ್ರಿಲ್‌ನಲ್ಲಿ ವಿಲಿಯಂ ಅವರಿಗೆ ಮೂರನೇ ಮಗು ಹುಟ್ಟಿ, ಮದುವೆಯ ಹೊತ್ತಿಗೆ ಆರನೆಯವರಾಗಿದ್ದರು.

ಆ ಒಪ್ಪಿಗೆ ಪತ್ರ ಆಫೀಸಿನ ನಮೂನೆ ಅರ್ಜಿಯಲ್ಲ. ಹದ ಮಾಡಿದ ಚರ್ಮದ ಹಾಳೆಯ ಮೇಲೆ ಕೈಬರಹದಲ್ಲಿ ಬರೆದು, ಅಂಚಿಗೆ ಚಿತ್ರ ಬಿಡಿಸಿ, ರಾಜ್ಯದ ಮಹಾಮುದ್ರೆ ಒತ್ತಿದ ವಸ್ತು. ಹ್ಯಾರಿಯ ಪತ್ರದ ಒಂದು ಬದಿಯಲ್ಲಿ ವೇಲ್ಸ್‌ನ ಕೆಂಪು ಡ್ರ್ಯಾಗನ್, ತಾಯಿ ಡಯಾನಾ ಅವರ ತವರಿನ ಲಾಂಛನದಿಂದ ತೆಗೆದ ಕೆಂಪು ಕಪ್ಪೆಚಿಪ್ಪುಗಳು. ಇನ್ನೊಂದು ಬದಿಯಲ್ಲಿ ಮೇಘನ್ ಹುಟ್ಟಿದ ಕ್ಯಾಲಿಫೋರ್ನಿಯಾದ ರಾಜ್ಯಪುಷ್ಪವಾದ ಹೊಂಬಣ್ಣದ ಗಸಗಸೆ ಹೂವು. ನಮ್ಮ ಲಗ್ನಪತ್ರಿಕೆಯ ಅರಿಶಿನದ ಮೂಲೆಗಿಂತ ತುಸು ದುಬಾರಿ ಕೆಲಸ, ಇರಲಿ.

ಒಪ್ಪಿಗೆ ಇಲ್ಲದೆ ಮದುವೆಯಾದರೆ?

ಮದುವೆ ಊರ್ಜಿತವೇ. ಆದರೆ ಅವರು ಮತ್ತು ಆ ಮದುವೆಯಿಂದ ಹುಟ್ಟುವ ಸಂತಾನ ಸಿಂಹಾಸನದ ಸಾಲಿನಿಂದ ಹೊರಗೆ.

ಬೇರೆ ಧರ್ಮದವರನ್ನು ಮದುವೆಯಾಗಬಹುದೇ? ಹಿಂದೂ ಹುಡುಗಿಯಾದರೆ?

ಇಲ್ಲೊಂದು ತಮಾಷೆ ಇದೆ. ಸಿಂಹಾಸನ ಯಾರಿಗೆ ಎಂದು ನಿರ್ಧರಿಸುವ 1701ರ ಕಾನೂನು ಅಡ್ಡಗಟ್ಟಿದ್ದು ರೋಮನ್ ಕ್ಯಾಥೊಲಿಕರನ್ನು ಮಾತ್ರ. ಹಿಂದೂ, ಮುಸ್ಲಿಂ, ಯಹೂದಿ ಸಂಗಾತಿಯನ್ನು ಅದು ಹೆಸರೆತ್ತಿ ತಡೆದಿರಲೇ ಇಲ್ಲ. ಬರೆದವರಿಗೆ ಅಂಥದ್ದೊಂದು ಆಗಬಹುದು ಎಂಬ ಕಲ್ಪನೆಯೂ ಇರಲಿಕ್ಕಿಲ್ಲ. ದಾಯಾದಿಗಳ ಜಗಳವೇ ಹಾಗೆ, ಎದುರುಮನೆಯವರಿಗಿಂತ ಒಳಮನೆಯವರ ಮೇಲೆಯೇ ಕಣ್ಣು.

ಆ ತಡೆ ನಿಜಕ್ಕೂ ಚುಚ್ಚುತ್ತಿತ್ತು. ರಾಣಿಯ ಸೋದರಸಂಬಂಧಿ, ಕೆಂಟ್‌ನ ಪ್ರಿನ್ಸ್ ಮೈಕೆಲ್, 1978ರಲ್ಲಿ ಕ್ಯಾಥೊಲಿಕ್ ಮಹಿಳೆಯನ್ನು ಮದುವೆಯಾಗಿ ಸಾಲಿನಲ್ಲಿದ್ದ ಜಾಗ ಕಳೆದುಕೊಂಡರು. ಆಟಮ್ ಕೆಲ್ಲಿ 2008ರಲ್ಲಿ ಮದುವೆಗೆ ಮೊದಲು ಅಲ್ಲಿನ ಪ್ರಾಟೆಸ್ಟಂಟ್ ಪಂಥವಾದ ಚರ್ಚ್ ಆಫ್ ಇಂಗ್ಲೆಂಡ್‌ಗೆ ಸೇರಿದರು. ಸೇರದಿದ್ದರೆ ಪೀಟರ್ ತಮ್ಮ ಸ್ಥಾನ ಬಿಡಬೇಕಿತ್ತು. ಪೀಟರ್ ಆಗ ಹನ್ನೊಂದನೆಯವರು! ರಾಜನಾಗುವ ಸಂಭವವೇ ಇಲ್ಲದ ಗಂಡನ ಸರದಿ ಉಳಿಸಲು ಹೆಂಡತಿ ಹುಟ್ಟಿದ ಪಂಥ ಬಿಟ್ಟರು. 2015ರಲ್ಲಿ ಈ ತಡೆ ಬಿತ್ತು, ಪ್ರಿನ್ಸ್ ಮೈಕೆಲ್‌ಗೂ ಜಾಗ ಮರಳಿ ಸಿಕ್ಕಿತು. ಆದರೆ ಸಿಂಹಾಸನ ಏರುವವರು ಸ್ವತಃ ಕ್ಯಾಥೊಲಿಕ್ ಆಗಿರಬಾರದು ಎಂಬ ನಿಯಮ ಇಂದಿಗೂ ಇದೆ.

ವಿಲಿಯಂ ಮತ್ತು ಕೇಟ್ ಮದುವೆಗೆ ಅಷ್ಟು ವರ್ಷ ಏಕೆ ಕಾದರು?

ನನಗೆ ಅತಿ ಇಷ್ಟವಾದ ಪ್ರಶ್ನೆ ಇದು, ಆದ್ದರಿಂದ ತುಸು ಉದ್ದಕ್ಕೆ ಹೇಳುತ್ತೇನೆ.

ಉತ್ತರ ಶುರುವಾಗುವುದು 1981ರಿಂದ. ಆ ವರ್ಷ ಮದುವೆಯಾದಾಗ ಡಯಾನಾಗೆ ಇಪ್ಪತ್ತು, ಚಾರ್ಲ್ಸ್‌ಗೆ ಮೂವತ್ತೆರಡು. ನಿಶ್ಚಿತಾರ್ಥಕ್ಕೆ ಮುಂಚೆ ಇಬ್ಬರೂ ಭೇಟಿಯಾದದ್ದು ಬೆರಳೆಣಿಕೆಯಷ್ಟು ಸಲ. ನಿಶ್ಚಿತಾರ್ಥದ ದಿನ ಟಿವಿಯವರು ಪ್ರೀತಿಯ ಬಗ್ಗೆ ಕೇಳಿದಾಗ ಡಯಾನಾ ಒಡನೆ ಹೌದೆಂದರು. ಚಾರ್ಲ್ಸ್, ಪ್ರೀತಿ ಎಂದರೆ ಏನೇ ಇರಲಿ ಎಂಬ ಅರ್ಥದ ಮಾತು ಸೇರಿಸಿದರು. ಆ ಒಂದು ಮಾತು ಅವರ ಬೆನ್ನು ಬಿಡಲೇ ಇಲ್ಲ. 1992ರಲ್ಲಿ ಬೇರೆಯಾದರು, 1996ರಲ್ಲಿ ವಿಚ್ಛೇದನವಾಯಿತು. ಅದೇ 1992ರಲ್ಲಿ ಆಂಡ್ರ್ಯೂ ದಂಪತಿ ಬೇರೆಯಾದರು, ಆ್ಯನ್ ವಿಚ್ಛೇದನ ಪಡೆದರು. ರಾಣಿಯ ನಾಲ್ವರು ಮಕ್ಕಳಲ್ಲಿ ಮದುವೆಯಾಗಿದ್ದ ಮೂವರ ಸಂಸಾರವೂ ಒಂದೇ ವರ್ಷದಲ್ಲಿ ಮುರಿಯಿತು. ಆಗ ವಿಲಿಯಂಗೆ ಹತ್ತು ವರ್ಷ.

ಆ ಹುಡುಗ 2001ರಲ್ಲಿ ಸೇಂಟ್ ಆ್ಯಂಡ್ರ್ಯೂಸ್‌ಗೆ ಓದಲು ಹೋದ. ಅವನೂ ಕೇಟ್ ಕೂಡ ಸೇಂಟ್ ಸಾಲ್ವೇಟರ್ಸ್ ಹಾಸ್ಟೆಲಿನಲ್ಲಿ ಇದ್ದವರು, ಇಬ್ಬರದೂ ಕಲಾ ಇತಿಹಾಸ. ಆಮೇಲೆ ಅವನು ಭೂಗೋಳಕ್ಕೆ ಬದಲಾದ. 2002ರಲ್ಲಿ ವಿದ್ಯಾರ್ಥಿಗಳ ಸಹಾಯಾರ್ಥ ಫ್ಯಾಷನ್ ಪ್ರದರ್ಶನದಲ್ಲಿ ಕೇಟ್ ತೊಟ್ಟ ಪಾರದರ್ಶಕ ಉಡುಪು ಮುಂದೆ 2011ರಲ್ಲಿ ಹರಾಜಿನಲ್ಲಿ 78,000 ಪೌಂಡಿಗೆ ಹೋಯಿತು. ಎರಡನೇ ವರ್ಷ ಗೆಳೆಯರೊಂದಿಗೆ ಸೇರಿ ಒಂದೇ ಬಾಡಿಗೆ ಮನೆಯಲ್ಲಿದ್ದರು. ಓದುವ ಕಾಲದಲ್ಲಿ ಪತ್ರಿಕೆಗಳು ವಿಲಿಯಂ ಬೆನ್ನು ಹತ್ತಬಾರದು ಎಂಬ ಒಪ್ಪಂದವಿತ್ತು. ಹೀಗಾಗಿ ಲೋಕಕ್ಕೆ ಈ ಜೋಡಿ ಗೊತ್ತಾದದ್ದು 2004ರಲ್ಲಿ, ಸ್ವಿಟ್ಜರ್ಲೆಂಡಿನ ಹಿಮದಲ್ಲಿ ತೆಗೆದ ಚಿತ್ರಗಳು ಅಚ್ಚಾದಾಗ. ಯಾರಿಗೂ ತಿಳಿಯದೆ ಒಂದೇ ಸೂರಿನಡಿ ಅಡುಗೆ ಮಾಡಿಕೊಂಡು, ಪಾತ್ರೆ ತೊಳೆದುಕೊಂಡು ಇರಲು ಸಿಕ್ಕ ಆ ಕಾಲವೇ ಈ ಮದುವೆಯ ಬುನಾದಿ ಎಂಬುದು ನನ್ನ ಎಣಿಕೆ. ಡಯಾನಾಗೆ ಅದು ಒಂದು ವಾರವೂ ದಕ್ಕಿರಲಿಲ್ಲ.

2007ರ ಏಪ್ರಿಲ್‌ನಲ್ಲಿ ಬೇರೆಯಾದರು, ಕೆಲವು ತಿಂಗಳಲ್ಲಿ ಮತ್ತೆ ಒಂದಾದರು. ಪತ್ರಿಕೆಗಳು ಕೇಟ್‌ಗೆ 'ಕಾಯುವ ಕೇಟಿ' ಎಂದು ಅಡ್ಡಹೆಸರಿಟ್ಟು ಹಂಗಿಸಿದವು. ಕಾದದ್ದು ಇಬ್ಬರೂ, ಹಂಗಿಸಿಕೊಂಡದ್ದು ಹೆಣ್ಣೊಬ್ಬಳೇ. ಈ ಮಾತಿನಲ್ಲಿ ಲಂಡನ್ನಿಗೂ ನಮ್ಮೂರಿಗೂ ವ್ಯತ್ಯಾಸವಿಲ್ಲ. 2010ರ ನವೆಂಬರ್ 16ರಂದು ನಿಶ್ಚಿತಾರ್ಥ ಪ್ರಕಟವಾದಾಗ ವಿಲಿಯಂ ಹೇಳಿದ ಕಾರಣವೂ ಇದೇ ಅರ್ಥದ್ದು: ಒಳಗೆ ಬಂದರೆ ಏನೇನು ಎದುರಿಸಬೇಕು ಎಂದು ಕೇಟ್ ನೋಡಲಿ, ಬೇಡ ಎನಿಸಿದರೆ ಹಿಂದೆ ಸರಿಯಲು ಅವಕಾಶವಿರಲಿ ಎಂದು.

ಆ ನೀಲಿ ಉಂಗುರದ ಕಥೆ ಏನು?

ಸಿಲೋನಿನ ನೀಲ, ಹನ್ನೆರಡು ಕ್ಯಾರೆಟ್, ಸುತ್ತ ಹದಿನಾಲ್ಕು ವಜ್ರ. 1981ರಲ್ಲಿ ಡಯಾನಾ ಬೆರಳಿಗೆ ಬಂದದ್ದು. 2010ರಲ್ಲಿ ಕೆನ್ಯಾ ಪ್ರವಾಸದಲ್ಲಿ ವಿಲಿಯಂ ಅದನ್ನು ಸುಮಾರು ಮೂರು ವಾರ ಬೆನ್ನಚೀಲದಲ್ಲೇ ಇಟ್ಟುಕೊಂಡು ಓಡಾಡಿದರಂತೆ. ಎಲ್ಲಿಗೆ ಹೋದರೂ ಚೀಲ ಕೈಬಿಡಲಿಲ್ಲ, ಕಳೆದುಹೋದರೆ ಗತಿಯಿಲ್ಲವೆಂದು ಗೊತ್ತಿತ್ತು ಎಂದು ಅವರೇ ಸಂದರ್ಶನದಲ್ಲಿ ಹೇಳಿದರು. ಕೇಟ್ ತಂದೆಯನ್ನು ಮೊದಲು ಕೇಳಬೇಕೇ ಎಂದು ಯೋಚಿಸಿ, ಅವರು ಬೇಡವೆಂದುಬಿಟ್ಟರೆ ಎಂದು ಹೆದರಿ, ಮಗಳನ್ನೇ ಮೊದಲು ಕೇಳಿದರಂತೆ. ನೀಲ ಎಲ್ಲರಿಗೂ ಆಗಿಬರುವ ರತ್ನವಲ್ಲ ಎಂದು ನಮ್ಮಲ್ಲಿ ಪರೀಕ್ಷಿಸಿಯೇ ತೊಡುತ್ತಾರಲ್ಲ, ಆ ಪ್ರಶ್ನೆಯನ್ನೂ ದೊಡ್ಡಮ್ಮ ಕೇಳಿ ಆಗಿದೆ.

ಹ್ಯಾರಿ ಕೊಟ್ಟ ಉಂಗುರದ ನಡುವಿನ ವಜ್ರ ಬೋಟ್ಸ್‌ವಾನಾದ್ದು, ಅಕ್ಕಪಕ್ಕದ ಎರಡು ಡಯಾನಾ ಸಂಗ್ರಹದವು. ಪರಿಚಯವಾದ ಕೆಲವೇ ವಾರಗಳಲ್ಲಿ ಇಬ್ಬರೂ ಬೋಟ್ಸ್‌ವಾನಾಕ್ಕೆ ಹೋಗಿ ಡೇರೆಯಲ್ಲಿ ಉಳಿದಿದ್ದರು. ಮದುವೆಯ ಮಾತು ಕೇಳಿದ್ದು ಮಾತ್ರ ಮನೆಯಲ್ಲೇ, ಒಲೆಯಲ್ಲಿ ಕೋಳಿ ಬೇಯುತ್ತಿದ್ದ ಒಂದು ರಾತ್ರಿ.

ವಿಚ್ಛೇದಿತರನ್ನು ಮದುವೆಯಾಗುವಂತಿಲ್ಲ ಎಂದು ಕೇಳಿದ್ದೆವಲ್ಲ?

ಎಂಟನೇ ಎಡ್ವರ್ಡ್ ಎರಡು ಸಲ ಮದುವೆಯಾಗಿದ್ದ ವಾಲಿಸ್ ಸಿಂಪ್ಸನ್‌ಗಾಗಿ 1936ರಲ್ಲಿ ಸಿಂಹಾಸನವನ್ನೇ ಬಿಟ್ಟರು. ಎಲಿಜಬೆತ್ ರಾಣಿಯ ತಂಗಿ ಮಾರ್ಗರೆಟ್ 1955ರಲ್ಲಿ ವಿಚ್ಛೇದಿತ ಪೀಟರ್ ಟೌನ್ಸೆಂಡ್‌ರನ್ನು ಮದುವೆಯಾಗುವುದಿಲ್ಲವೆಂದು ಪ್ರಕಟಣೆ ಹೊರಡಿಸಿದರು. ಆ್ಯನ್ 1992ರಲ್ಲಿ ಎರಡನೇ ಮದುವೆಗೆ ಸ್ಕಾಟ್ಲೆಂಡಿಗೆ ಹೋದರು, ಅಲ್ಲಿನ ಚರ್ಚು ಒಪ್ಪುತ್ತಿತ್ತು. ಚರ್ಚ್ ಆಫ್ ಇಂಗ್ಲೆಂಡ್ 2002ರಲ್ಲಿ ಸಡಿಲಿಸಿತು. ಆದರೂ ಚಾರ್ಲ್ಸ್-ಕಮಿಲಾ ಮದುವೆ 2005ರಲ್ಲಿ ವಿಂಡ್ಸರಿನ ಪುರಭವನದಲ್ಲಿ ನಾಗರಿಕ ವಿವಾಹವಾಗಿ ನಡೆದು, ಆಮೇಲೆ ಚರ್ಚಿನಲ್ಲಿ ಆಶೀರ್ವಾದವಾಯಿತು. ಹದಿಮೂರು ವರ್ಷ ಕಳೆದು ಅದೇ ವಿಂಡ್ಸರಿನ ಸೇಂಟ್ ಜಾರ್ಜ್ ಚಾಪೆಲ್‌ನಲ್ಲಿ, ಒಮ್ಮೆ ವಿಚ್ಛೇದನ ಪಡೆದಿದ್ದ ಮೇಘನ್ ಪೂರ್ಣ ಚರ್ಚ್ ವಿಧಿಯಲ್ಲಿ ಮದುವೆಯಾದರು. ಅರ್ಧ ದಾರಿಯಿಂದ ಕೈ ಹಿಡಿದು ನಡೆಸಿದವರು ಚಾರ್ಲ್ಸ್.

ಹ್ಯಾರಿ-ಮೇಘನ್ ವಿಷಯದಲ್ಲಿ ತಪ್ಪು ಯಾರದು?

ಈ ಪಂಚಾಯಿತಿಗೆ ನಾನಿಲ್ಲ. ಒಂದು ಲೆಕ್ಕ ಮಾತ್ರ ಹೇಳುತ್ತೇನೆ. ಪರಿಚಯ 2016ರ ಜುಲೈ, ನವೆಂಬರ್‌ನಲ್ಲೇ ಪತ್ರಿಕೆಗಳ ಕಿರುಕುಳ ಮತ್ತು ಜನಾಂಗೀಯ ಕುಹಕದ ವಿರುದ್ಧ ಅರಮನೆಯಿಂದ ಪ್ರಕಟಣೆ, ಮರುವರ್ಷದ ನವೆಂಬರ್ 27ರಂದು ನಿಶ್ಚಿತಾರ್ಥದ ಘೋಷಣೆ, 2018ರ ಮೇ 19ರಂದು ಮದುವೆ, 2020ರ ಜನವರಿಯಲ್ಲಿ ರಾಜಕರ್ತವ್ಯಗಳಿಂದ ಹಿಂದೆ ಸರಿಯುವ ಮಾತು. ಅಣ್ಣನಿಗೆ ಸಿಕ್ಕ ಮರೆಯ ವರ್ಷಗಳು ತಮ್ಮನಿಗೆ ನಾಲ್ಕು ತಿಂಗಳಾದವು.

ಕಿರೀಟಗಳು ಯಾರವು?

ಸಾಲದವು! ಬಹುಪಾಲು ಮದುವಣಗಿತ್ತಿಯರಿಗೆ ರಾಣಿ ತಮ್ಮ ಭಂಡಾರದಿಂದ ಒಂದು ಟಿಯಾರಾ ಕೊಡುತ್ತಿದ್ದರು, ತೊಟ್ಟು ಹಿಂತಿರುಗಿಸಬೇಕು. ಕೇಟ್ ತೊಟ್ಟದ್ದು 1936ರಲ್ಲಿ ಕಾರ್ಟಿಯೆ ಮಾಡಿದ್ದು.

ಆದರೆ ನನ್ನ ಮನಸ್ಸಿನಲ್ಲಿ ಉಳಿದದ್ದು ಬಿಯಾಟ್ರಿಸ್ ಮದುವೆ. 2020ರ ಮೇ 29ಕ್ಕೆ ಲಂಡನ್ನಿನಲ್ಲಿ ನಿಗದಿಯಾಗಿತ್ತು, ಕೊರೊನಾ ಬಂದು ನಿಂತಿತು. ಜುಲೈ 17ರಂದು ವಿಂಡ್ಸರಿನ ಪುಟ್ಟ ಚಾಪೆಲ್‌ನಲ್ಲಿ, ಸುಮಾರು ಇಪ್ಪತ್ತು ಜನರ ಎದುರು, ಮೊದಲೇ ಸುದ್ದಿ ಕೊಡದೆ ಎಡೊವಾರ್ಡೊ ಮಾಪೆಲ್ಲಿ ಮೋಟ್ಸಿ ಅವರನ್ನು ಮದುವೆಯಾದರು. ಉಟ್ಟದ್ದು ಅಜ್ಜಿಯ ಹಳೆಯ ಗೌನು. ರಾಣಿ 1962ರಲ್ಲಿ ಒಂದು ಚಲನಚಿತ್ರದ ಮೊದಲ ಪ್ರದರ್ಶನಕ್ಕೆ ತೊಟ್ಟಿದ್ದು. ತೋಳಿಲ್ಲದ ಆ ಗೌನಿಗೆ ಮೊಮ್ಮಗಳಿಗಾಗಿ ತೆಳು ಬಟ್ಟೆಯ ಗಿಡ್ಡ ತೋಳು ಹೊಲಿಸಿದರು. ತಲೆಯ ಮೇಲಿದ್ದ ಟಿಯಾರಾ 1947ರಲ್ಲಿ ಅಜ್ಜಿ ತನ್ನ ಮದುವೆಗೆ ತೊಟ್ಟದ್ದೇ; ಅಂದು ಬೆಳಿಗ್ಗೆ ಅದು ಪಟಕ್ಕೆಂದು ಮುರಿದು, ಆಭರಣದವರು ಅವಸರದಲ್ಲಿ ಬೆಸೆದು ಕೊಟ್ಟಿದ್ದರು. ಅಜ್ಜಿಯ ಧಾರೆ ಸೀರೆ ಬಿಚ್ಚಿ, ನೆರಿಗೆ ಹಿಡಿದು ಉಟ್ಟ ಮೊಮ್ಮಗಳನ್ನು ಕಂಡವರಿಗೆ ಇದು ಬಿಡಿಸಿ ಹೇಳಬೇಕಿಲ್ಲ.

ತಂಗಿ ಯೂಜೀನಿಯ ಧೈರ್ಯ ಬೇರೆ ಬಗೆಯದು. ಹನ್ನೆರಡನೇ ವಯಸ್ಸಿನಲ್ಲಿ ಬೆನ್ನುಮೂಳೆ ಡೊಂಕಿಗೆ ಶಸ್ತ್ರಚಿಕಿತ್ಸೆಯಾಗಿತ್ತು. 2018ರ ಅಕ್ಟೋಬರ್ 12ರಂದು ಆ ಗಾಯದ ಗುರುತು ಕಾಣುವಂತೆ ಬೆನ್ನು ಇಳಿಬಿಟ್ಟ ಗೌನನ್ನೇ ಹೊಲಿಸಿಕೊಂಡರು, ಮುಸುಕನ್ನೂ ಹಾಕಲಿಲ್ಲ.

ಖರ್ಚು ಯಾರದು?

ಚರ್ಚು, ಸಂಗೀತ, ಹೂವು, ಊಟ ರಾಜಮನೆತನದ್ದು. 2011ರಲ್ಲಿ ಮಿಡಲ್ಟನ್ ಕುಟುಂಬವೂ ಪಾಲು ಹಾಕಿತು. ಪೊಲೀಸ್ ಬಂದೋಬಸ್ತಿನ ಹಣ ತೆರಿಗೆದಾರರದು, ಪ್ರತಿ ಮದುವೆಗೂ ಅಲ್ಲಿ ಗದ್ದಲವಾಗುವುದು ಅದಕ್ಕೇ.

ಹೆಂಡತಿಗೆ ಬಿರುದು ಬಂದಂತೆ ಗಂಡನಿಗೂ ಬರುತ್ತದೆಯೇ?

ಬರುವುದಿಲ್ಲ. ಗಂಡನ ಪದವಿ ಹೆಂಡತಿಗೆ ಹರಿಯುತ್ತದೆ, ಹೆಂಡತಿಯದು ಗಂಡನಿಗೆ ಹರಿಯುವುದಿಲ್ಲ. ಕೇಟ್ ಡಚೆಸ್ ಆದರು. ಯೂಜೀನಿಯ ಗಂಡ ಬರೀ ಶ್ರೀಯುತ ಬ್ರೂಕ್ಸ್‌ಬ್ಯಾಂಕ್ ಆಗಿಯೇ ಉಳಿದರು. ಸಿಂಹಾಸನದ ಸಾಲಿನಲ್ಲಿ ಗಂಡುಮಕ್ಕಳಿಗೆ ಮೊದಲ ಮಣೆ ಎಂಬುದನ್ನು 2011ರ ಅಕ್ಟೋಬರ್ 28ರ ನಂತರ ಹುಟ್ಟಿದವರಿಗೆ ತೆಗೆದುಹಾಕಿದ್ದಾರೆ, ಆದ್ದರಿಂದಲೇ ವಿಲಿಯಂ ಮಗಳು ಷಾರ್ಲೆಟ್ ತನ್ನ ತಮ್ಮ ಲೂಯಿಗಿಂತ ಮುಂದಿದ್ದಾಳೆ. ಬಿರುದಿನ ವಿಷಯದಲ್ಲಿ ಮಾತ್ರ ಹಳೆಯ ರೂಢಿಯೇ.

ಒಳ್ಳೆಯ ದಿನ, ಕೆಟ್ಟ ದಿನ ನೋಡುವುದಿಲ್ಲವೇ?

ಮೇ ತಿಂಗಳಲ್ಲಿ ಮದುವೆಯಾದರೆ ಪರಿತಪಿಸಬೇಕಾಗುತ್ತದೆ ಎಂಬ ಗಾದೆ ಇಂಗ್ಲೆಂಡಿನಲ್ಲಿ ಇದೆ, ನಮ್ಮ ಆಷಾಢದ ಹಾಗೆ. ಪೀಟರ್ ಮದುವೆ 2008ರ ಮೇ 17ಕ್ಕೆ, 2021ರಲ್ಲಿ ವಿಚ್ಛೇದನ. ಹ್ಯಾರಿ ಮದುವೆ ಮೇ 19ಕ್ಕೆ, ಆ ಸಂಸಾರ ನಡೆದಿದೆ. ರಾಹುಕಾಲದ ಮದುವೆಯೂ ನಡೆದಿದೆ. ದೊಡ್ಡಮ್ಮ ಇದಕ್ಕೆ ಇಟ್ಟುಕೊಂಡಿರುವ ಸಮಜಾಯಿಷಿ: ಲಂಡನ್ನಿನ ಸೂರ್ಯೋದಯವೇ ಬೇರೆ, ರಾಹುಕಾಲವೂ ಬೇರೆ.

ಈ ಮದುವೆಗಳಲ್ಲಿ ಭಾರತದ ನಂಟು ಏನಾದರೂ ಇದೆಯೇ?

ಮೇಘನ್ ಅವರ ಉದ್ದನೆಯ ಮುಸುಕಿನ ಅಂಚಿನಲ್ಲಿ ಕಾಮನ್‌ವೆಲ್ತ್‌ನ 53 ದೇಶಗಳ ಹೂವುಗಳನ್ನು ಕಸೂತಿ ಹಾಕಿದ್ದರು. ಭಾರತದ ಪಾಲಿನದು ತಾವರೆ. ಉಡುಗೊರೆಯ ಬದಲು ದೇಣಿಗೆ ಕೊಡಿ ಎಂದು ಆರಿಸಿದ ಏಳು ಸಂಸ್ಥೆಗಳಲ್ಲಿ ಒಂದು ಮುಂಬೈಯ ಮೈನಾ ಮಹಿಳಾ ಪ್ರತಿಷ್ಠಾನ.

ಇನ್ನೊಂದು ನಂಟು ಕಲ್ಲಿನದು. 1992ರ ಫೆಬ್ರವರಿಯಲ್ಲಿ ಡಯಾನಾ ತಾಜಮಹಲಿನ ಎದುರಿನ ಅಮೃತಶಿಲೆಯ ಬೆಂಚಿನ ಮೇಲೆ ಒಬ್ಬರೇ ಕುಳಿತ ಚಿತ್ರ ಜಗತ್ತಿಗೆಲ್ಲ ಹೋಯಿತು. 2016ರ ಏಪ್ರಿಲ್ 16ರಂದು ಮಗ, ಸೊಸೆ ಅದೇ ಬೆಂಚಿನ ಮೇಲೆ ಜೊತೆಯಾಗಿ ಕುಳಿತರು.

ಮುಂದೆ ಯಾರ ಮದುವೆ? ಯಾರಿಗೆಲ್ಲ ಒಪ್ಪಿಗೆ ಬೇಕು?

ಪೀಟರ್ ಅವರ ಎರಡನೇ ನಿಶ್ಚಿತಾರ್ಥ 2025ರ ಆಗಸ್ಟ್‌ನಲ್ಲಿ ಪ್ರಕಟವಾಯಿತು, ಒಬ್ಬ ನರ್ಸ್ ಜೊತೆ. ಅವರಿಗೆ ಈಗ ಯಾರ ಚರ್ಮದ ಹಾಳೆಯೂ ಬೇಡ. ಮೊದಲ ಆರು ಎಂದರೆ ಸದ್ಯ ವಿಲಿಯಂ, ಅವರ ಮೂವರು ಮಕ್ಕಳು, ಹ್ಯಾರಿ ಮತ್ತು ಹ್ಯಾರಿಯ ಮಗ ಆರ್ಚಿ. 2019ರಲ್ಲಿ ಹುಟ್ಟಿ ಕ್ಯಾಲಿಫೋರ್ನಿಯಾದಲ್ಲಿ ಬೆಳೆಯುತ್ತಿರುವ ಈ ಹುಡುಗ, ಸಾಲು ಹೀಗೇ ಇದ್ದರೆ, ಮುಂದೊಂದು ದಿನ ಪ್ರೀತಿಸಿದವರನ್ನು ಮದುವೆಯಾಗಲು ಲಂಡನ್ನಿಗೆ ಬರೆದು ಕೇಳಬೇಕು. ಏಳನೆಯವಳಾದ ಅವನ ತಂಗಿ ಲಿಲಿಬೆಟ್ ಕೇಳಬೇಕಿಲ್ಲ. ಸಾಲಿನಲ್ಲಿ ಬೇರೆ ಬದಲಾವಣೆಯಾಗದೆ, ದೊಡ್ಡಪ್ಪನ ಮಗ ಜಾರ್ಜ್‌ಗೆ ಅಷ್ಟರೊಳಗೆ ಮದುವೆಯಾಗಿ ಒಂದು ಮಗುವಾದರೆ ಆರ್ಚಿಯೂ ಏಳಕ್ಕೆ ಇಳಿದು ಪಾರಾಗುತ್ತಾನೆ.